ಖಾಲಿ ಮನೆ

ನಾನು ಗುಮಾಸ್ತೆಗೆ ಸೇರಿದ ಮೊದಲ ವಾರದಲ್ಲಿಯೇ ನಮ್ಮ ಹೆಡ್ ಗುಮಾಸ್ತರು ನನಗೊಂದು ಪಾಠ ಹೇಳಿದರು. ಅಚ್ಚಾದ ಫಾರಮ್ಮೊಂದನ್ನು ತುಂಬಿ ಅವರ ಮೇಜಿನ ಮೇಲಿಟ್ಟಿದ್ದೆ. ಗೊತ್ತಿದ್ದುದನ್ನೆಲ್ಲ ಬರೆದಿದ್ದೆ, ಗೊತ್ತಿಲ್ಲದ ಎರಡು ಮನೆಗಳನ್ನು ಹಾಗೆಯೇ ಬಿಟ್ಟಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಕೆಂಪು ಮಸಿಯ ಲೇಖನಿಯಿಂದ ಆ ಎರಡು ಮನೆಗಳಲ್ಲಿಯೂ ಓರೆಯಾಗಿ ಒಂದೊಂದು ಗೆರೆ ಎಳೆದು, “ಖಾಲಿ ಮನೆಯನ್ನು ಖಾಲಿ ಬಿಡಬೇಡವಯ್ಯ. ಬಾಗಿಲು ತೆರೆದ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ. ಇಲ್ಲ ಎಂಬುದನ್ನೂ ಬರೆದಿಡಬೇಕು” ಎಂದರು.

ಆ ಪಾಠವನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಲಿಸಿದೆ. ಎಷ್ಟು ಗೆರೆ ಎಳೆದೆನೋ ಲೆಕ್ಕವಿಲ್ಲ. ಆದರೆ ನಿವೃತ್ತನಾಗಿ ಕೋಲಾರದಲ್ಲಿ ನೆಲೆಸಿ, ಲೇಖನಿಯ ಬದಲು ಕಂಪ್ಯೂಟರನ್ನು ಹಿಡಿದ ಮೇಲೆ ಅದನ್ನು ಮರೆತೆ. ಮರೆತದ್ದರ ಫಲವಾಗಿ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ನನ್ನ ವಯಸ್ಸಿನ ಹಲವರು ಇಂದು ಈ ಯಂತ್ರದ ಸಹವಾಸಕ್ಕೆ ಬಿದ್ದಿರುವುದರಿಂದ, ಆದದ್ದನ್ನು ಹೇಳಿಬಿಡುವುದು ಮೇಲೆಂದು ತೋರಿದೆ.

ನಿವೃತ್ತಿಯ ಮೊದಲ ವರ್ಷ ಹೊತ್ತು ಕಳೆಯುವುದಕ್ಕೆಂದು ಒಂದು ಹಳೆಯ ಪುಸ್ತಕವನ್ನು ಹಿಡಿದೆ. ಅದು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ. ಕೋಲಾರ ಜಿಲ್ಲೆಯ ಶಾಸನಗಳು. ಬಿ. ಎಲ್. ರೈಸ್ ಸಾಹೇಬರು 1905ರಲ್ಲಿ ಹೊರತಂದದ್ದು. ರೈಸ್ ಎಂದರೆ ಎಲ್ಲಿಯೋ ಹುಟ್ಟಿ ಇಲ್ಲಿಗೆ ದೊರೆತನಕ್ಕೆ ಬಂದವರಲ್ಲ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ, ಜಿಲ್ಲೆಗೊಂದರಂತೆ ಸಂಪುಟಗಳನ್ನು ಕಟ್ಟಿದರು. ಕುದುರೆಯ ಮೇಲೆಯೋ ಗಾಡಿಯಲ್ಲಿಯೋ ಹೋಗಿ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿತ್ತಿಲಲ್ಲಿ ನಿಂತ ಕಲ್ಲುಗಳ ಮೇಲಿನ ಬರಹವನ್ನು ಅವರೂ ಅವರ ಜತೆಯ ಪಂಡಿತರೂ ಎತ್ತಿಕೊಂಡರು. ಕಲ್ಲುಗಳಿಗೆ ತಾಲ್ಲೂಕುವಾರು ನಂಬರು ಕೊಟ್ಟರು. ಕೋಲಾರ ಇಷ್ಟು, ಮಾಲೂರು ಇಷ್ಟು, ಮುಳಬಾಗಿಲು ಇಷ್ಟು, ಶ್ರೀನಿವಾಸಪುರ ಇಷ್ಟು. ಇಂದಿಗೂ ವಿದ್ವಾಂಸರು ಆ ನಂಬರಿನಿಂದಲೇ ಕಲ್ಲುಗಳನ್ನು ಕರೆಯುತ್ತಾರೆ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರುಗಳೂ ಅದೇ ಸಂಪುಟದಲ್ಲಿವೆ. ಅವು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರೆಯಾದ ಸುದ್ದಿ ಪುಸ್ತಕಕ್ಕೆ ತಿಳಿಯದು.

ಓದುತ್ತ ಹೋದಂತೆ ನನಗೊಂದು ವಿಷಯ ಹೊಳೆದು ನಗು ಬಂತು. ಶಾಸನವೂ ಒಂದು ಫಾರಮ್ಮೇ! ಮೊದಲು ಸ್ವಸ್ತಿ. ಆಮೇಲೆ ಶಕವರ್ಷ, ಸಂವತ್ಸರ, ಮಾಸ, ತಿಥಿ. ಆಮೇಲೆ ಅರಸನ ಬಿರುದಾವಳಿ. ಕುವಳಾಲಪುರದ ಒಡೆಯರೆಂದು ಹೇಳಿಕೊಂಡ ಗಂಗರ ಬಿರುದುಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಮಾರ್ಪಾಟಿಲ್ಲದೆ ಬರುತ್ತವೆ. ಆ ಕುವಳಾಲವೇ ನಮ್ಮ ಕೋಲಾರ. ಆಮೇಲೆ ಕೊಟ್ಟವನ ಹೆಸರು, ಕೊಟ್ಟ ಭೂಮಿ, ಅದರ ನಾಲ್ಕು ಎಲ್ಲೆ. ಕಟ್ಟಕಡೆಗೆ ಶಾಪ: ಇದನ್ನು ಅಳಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದೋ, ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂದೋ. ಕಲ್ಲುಕುಟಿಗನ ಜತೆಯಲ್ಲಿದ್ದ ಬರಹಗಾರನ ತಲೆಯಲ್ಲಿ ಈ ಅಚ್ಚು ಸಿದ್ಧವಾಗಿರುತ್ತಿತ್ತು. ಹೆಸರು, ಕಾಲ, ಊರು ಇವನ್ನು ಮಾತ್ರ ಆಯಾ ಸಂದರ್ಭಕ್ಕೆ ತುಂಬುತ್ತಿದ್ದ. ಸಾವಿರ ವರ್ಷದ ಹಿಂದೆ ನನ್ನಂತಹ ಗುಮಾಸ್ತನೊಬ್ಬ ಇದ್ದನೆಂದು ತಿಳಿದು ಆದ ಸಂತೋಷ ಅಷ್ಟಿಷ್ಟಲ್ಲ.

ಪುಸ್ತಕ ಹಿಡಿದು ಸುತ್ತಾಡುವ ಚಟ ಹತ್ತಿತು. ಕೋಲಾರಮ್ಮನ ಗುಡಿಯ ಗೋಡೆಯನ್ನು ನಾನು ಎಳೆಯಂದಿನಿಂದ ನೋಡಿದ್ದೇನೆ. ಅದರ ಮೇಲಿನ ಸಾಲುಗಳು ತಮಿಳೆಂದು, ಚೋಳರ ಕಾಲದವೆಂದು ತಿಳಿದದ್ದು ಈಗ. ಮಾಲೂರು ತಾಲ್ಲೂಕಿನಲ್ಲಿ ಟೇಕಲ್ಲಿನ ಬಂಡೆಗಳನ್ನೂ ವರದರಾಜನ ಗುಡಿಯನ್ನೂ ನೋಡಿದೆ. ಮುಳಬಾಗಿಲಿನಲ್ಲಿ ಕುರುಡುಮಲೆ, ಆಮೇಲೆ ಆವಣಿ. ಆವಣಿಯ ಗುಡಿಗಳ ಗುಂಪಿನಲ್ಲಿ ಒಂದು ಮಧ್ಯಾಹ್ನವೆಲ್ಲ ಕುಳಿತಿದ್ದೆ. ನೊಳಂಬರ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ಅಲ್ಲಿ ತ್ರಿಭುವನಕರ್ತ ಎಂಬ ಶೈವ ಗುರು ಇದ್ದರು. ನಲವತ್ತು ವರ್ಷ ಆ ಸ್ಥಾನವನ್ನು ಆಳಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದರೆಂದು ಕಲ್ಲು ಹೇಳುತ್ತದೆ. ಸನ್ಯಾಸಿಯ ಲೆಕ್ಕವೆಂದರೆ ಹೀಗಿರಬೇಕು, ಎನ್ನಿಸಿತು. ಈ ಆವಣಿಯ ಕಲ್ಲನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನನ್ನನ್ನು ಸಿಕ್ಕಿಸಿದ್ದು ಇದೇ.

ನಾಲ್ಕು ತಾಲ್ಲೂಕುಗಳಿಂದ ನನಗೆ ಹಿಡಿಸಿದ ಕಲ್ಲುಗಳ ಪಟ್ಟಿಯೊಂದನ್ನು ಮಾಡಿಕೊಂಡೆ. ಕಲ್ಲಿಗೊಂದು ಸಾಲು, ಸಾಲಿನಲ್ಲಿ ನಂಬರು, ತಾಲ್ಲೂಕು, ಊರು, ಭಾಷೆ, ಕಾಲ, ವೀರನ ಅಥವಾ ದಾನಿಯ ಹೆಸರು, ಪಾಠ ಎಂದು ಮನೆಗಳು. ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗಳು ಅದನ್ನು ನೋಡಿ, “ಚಿಕ್ಕಪ್ಪ, ಇದು ಹೀಗೆಯೇ ಇದ್ದರೆ ನಿಮ್ಮ ಕಂಪ್ಯೂಟರಿನ ಜತೆಗೇ ಹೋಗುತ್ತದೆ. ಒಂದೊಂದು ಕಲ್ಲಿಗೂ ಒಂದೊಂದು ಎಕ್ಸ್‌ಎಂಎಲ್ ದಾಖಲೆ ಮಾಡಿ. ಕೈಯಲ್ಲಿ ಬರೆಯಬೇಕಿಲ್ಲ, ಪೈಥಾನಿನಲ್ಲಿ ಹತ್ತು ಸಾಲು ಬರೆದರೆ ಅದೇ ಹುಟ್ಟಿಸಿಕೊಡುತ್ತದೆ” ಎಂದಳು.

ಹೆಬ್ಬಾವಿನ ಹೆಸರು ಕೇಳಿ ಮೊದಲು ಹೆದರಿದೆ. ಹಾವಿಗೂ ಅದಕ್ಕೂ ನಂಟಿಲ್ಲವಂತೆ. 1991ರಲ್ಲಿ ಅದನ್ನು ಲೋಕಕ್ಕೆ ಕೊಟ್ಟ ಹಾಲೆಂಡಿನ ಗೈಡೋ ವಾನ್ ರಾಸಂ ಅವರು ಇಂಗ್ಲೆಂಡಿನ ಒಂದು ಹಾಸ್ಯ ತಂಡದ ಹೆಸರನ್ನು ಇಟ್ಟರಂತೆ. ಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಬರೆದುಕೊಡುವ ಒಂದು ಭಾಷೆ ಅದು. ಬರೆದದ್ದೇ ತಡ, ಓದಿ ನಡೆಸಿಬಿಡುತ್ತದೆ. ಇನ್ನು ಎಕ್ಸ್‌ಎಂಎಲ್. ಇದರ ನಿಯಮಗಳು 1998ರಲ್ಲಿ ಪ್ರಕಟವಾದವು. ಇದು ಭಾಷೆಯೆನ್ನುವುದಕ್ಕಿಂತ ಬರೆದಿಡುವ ಒಂದು ಶಿಸ್ತು. ಪ್ರತಿಯೊಂದು ಸಂಗತಿಗೂ ಮುಂದೊಂದು, ಹಿಂದೊಂದು ಗುರುತು ಇಡಬೇಕು. ಗುರುತನ್ನು ಕೋನಾಕಾರದ ಎರಡು ಗೆರೆಗಳ ನಡುವೆ ಬರೆಯಬೇಕು. ‘ಊರು’ ಎಂದು ಬಾಗಿಲು ತೆರೆದರೆ, ಊರಿನ ಹೆಸರು ಬರೆದು, ಮತ್ತೆ ‘ಊರು’ ಎಂದು ಬಾಗಿಲು ಮುಚ್ಚಬೇಕು. ‘ಶಾಸನ’ ಎಂಬ ದೊಡ್ಡ ಮನೆಯೊಳಗೆ ‘ಊರು’, ‘ಕಾಲ’, ‘ಪಾಠ’ ಎಂಬ ಕೋಣೆಗಳು. ಗುರುತುಗಳನ್ನು ಕನ್ನಡ ಅಕ್ಷರದಲ್ಲಿಯೇ ಬರೆದರೂ ನಿಯಮಕ್ಕೆ ಸಮ್ಮತ. ಇದು ನನಗೆ ಬಹಳ ಹಿಡಿಸಿತು. ಹೀಗೆ ಬರೆದಿಟ್ಟರೆ ಮನುಷ್ಯನೂ ಓದಬಹುದು, ಯಂತ್ರವೂ ಓದಬಹುದು. ನೊಳಂಬರ ಕಾಲದ ಕಲ್ಲುಗಳೆಲ್ಲ ಮುಂದೆ ಬರಲಿ ಎಂದರೆ ಬಂದು ನಿಲ್ಲುತ್ತವೆ.

ಮಾಲೂರಿನ ಕಡೆ ರೈಲಿನಲ್ಲಿ ಹೋದವರು ಇಟ್ಟಿಗೆ ಹೆಂಚುಗಳ ಗೂಡುಗಳನ್ನು ನೋಡಿರುತ್ತಾರೆ. ಅಲ್ಲಿ ಇಟ್ಟಿಗೆ ಕೊಯ್ಯುವವನು ಮರದ ಅಚ್ಚನ್ನು ನೆಲದ ಮೇಲಿಟ್ಟು, ಕಲಸಿದ ಮಣ್ಣನ್ನು ತುಂಬಿ, ಮೇಲೆ ಸವರಿ ಅಚ್ಚನ್ನೆತ್ತುತ್ತಾನೆ. ಹಿಂದೆ ಒಂದು ಇಟ್ಟಿಗೆ ಉಳಿಯುತ್ತದೆ. ಸಂಜೆಯ ಹೊತ್ತಿಗೆ ಸಾಲುಸಾಲು ಇಟ್ಟಿಗೆ, ಒಂದರಂತೆ ಒಂದು. ನಾನು ಮಾಡಬೇಕಾದದ್ದೂ ಅಷ್ಟೇ. ಪೈಥಾನಿನಲ್ಲಿ ಅಚ್ಚು, ಪಟ್ಟಿಯ ಒಂದೊಂದು ಸಾಲೂ ಒಂದೊಂದು ಬೊಗಸೆ ಮಣ್ಣು, ಹೊರಗೆ ಬಿದ್ದದ್ದು ದಾಖಲೆ.

ಮೊದಲ ಅಚ್ಚನ್ನು ನಾನೇ ಮಾಡಿದೆ. ಗುರುತುಗಳನ್ನೂ ಪಟ್ಟಿಯ ಮಾತುಗಳನ್ನೂ ಮಾಲೆಯಂತೆ ಒಂದಕ್ಕೊಂದು ಗಂಟುಹಾಕಿ ಕಡತಕ್ಕೆ ಬರೆಯಿಸಿದೆ. ಕೆಲವು ದಾಖಲೆಗಳು ಚೆನ್ನಾಗಿ ಬಂದವು. ಕೆಲವನ್ನು ಓದುವ ಯಂತ್ರ ಖಡಾಖಂಡಿತವಾಗಿ ನಿರಾಕರಿಸಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಕಲ್ಲುಕುಟಿಗ ಮರೆತುಬಿಟ್ಟ ಅಕ್ಷರವನ್ನು ಸಂಪಾದಕರು ಸೇರಿಸುವಾಗ ಅದನ್ನು ಕೋನಾಕಾರದ ಗೆರೆಗಳ ನಡುವೆ ಇಡುವ ಪದ್ಧತಿಯುಂಟು. ನಾನೂ ಹಾಗೆಯೇ ಇಟ್ಟಿದ್ದೆ. ಯಂತ್ರ ಅದನ್ನು ಹೊಸದೊಂದು ಕೋಣೆಯ ಬಾಗಿಲೆಂದು ತಿಳಿದು, ಮುಚ್ಚುವ ಬಾಗಿಲೆಲ್ಲಿ ಎಂದು ಜಗಳಕ್ಕೆ ನಿಂತಿತ್ತು. ಅಣ್ಣನ ಮಗಳು ಫೋನಿನಲ್ಲಿ ನಕ್ಕು, “ಮಾಲೆ ಕಟ್ಟಬೇಡಿ ಚಿಕ್ಕಪ್ಪ. ಎಲಿಮೆಂಟ್‌ಟ್ರೀ ಎಂಬ ಸಾಮಾನು 2006ರಿಂದ ಪೈಥಾನಿನ ಜತೆಗೇ ಬರುತ್ತದೆ. ಮರ ಬೆಳೆಸಿ, ಕೊಂಬೆಗೆ ಮಾತು ನೇತುಹಾಕಿ. ಗುರುತು ಯಾವುದು, ಮಾತು ಯಾವುದು ಎಂದು ಅದೇ ನೋಡಿಕೊಳ್ಳುತ್ತದೆ” ಎಂದಳು. ಹಾಗೆಯೇ ಮಾಡಿದೆ. ಮಾತಿನೊಳಗಿನ ಕೋನದ ಗೆರೆಯನ್ನು ಅದು ತಾನಾಗಿಯೇ ಬೇರೊಂದು ಸಂಕೇತವಾಗಿ ಬರೆದಿಟ್ಟು, ಓದುವಾಗ ಮತ್ತೆ ಗೆರೆಯಾಗಿ ತೋರಿಸಿತು. ಜಗಳ ಮುಗಿಯಿತು.

ಇನ್ನೊಂದು ತೊಡಕು ಅಕ್ಷರದ್ದು. ಹಳಗನ್ನಡದಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರಗಳಿದ್ದುವಷ್ಟೆ. ದನಗಳಿಗೆ ‘ತುಱು’ ಎನ್ನುವಾಗ ಮೊದಲನೆಯದು. ‘ಅೞಿ’ ಎನ್ನುವಾಗ ಎರಡನೆಯದು. ನಾಶವಾಗು ಎಂಬ ಅರ್ಥದ ಮಾತಿನೊಳಗೇ ಕುಳಿತಿದ್ದು, ಆ ಅಕ್ಷರ ತಾನೂ ನಾಶವಾಯಿತು; ನಾವು ಈಗ ‘ಅಳಿ’ ಎಂದು ಬರೆಯುತ್ತೇವೆ. ಕಂಪ್ಯೂಟರಿನಲ್ಲಿ ಅದು ಸಿಕ್ಕೀತೇ ಎಂದು ಹುಡುಕಿದರೆ, ಯೂನಿಕೋಡ್ ಎಂಬ ಲೋಕದ ಅಕ್ಷರಪಟ್ಟಿಯಲ್ಲಿ ಇದೆ. ಆದರೆ ಅದಕ್ಕೆ ಕೊಟ್ಟ ಹೆಸರು ‘ಕನ್ನಡ ಲೆಟರ್ ಫ’! ಯಾರೋ ತಪ್ಪು ತಿಳಿದು ಹಾಗೆ ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ಕಟ್ಟಳೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯೆಂದು ದಾಖಲು ಮಾಡಿದ್ದಾರೆ. ಆಗ ಇದೊಂದು ತಮಾಷೆಯಾಗಿ ಕಂಡಿತು. ಆಮೇಲೆ ಅದರ ನ್ಯಾಯ ತಿಳಿಯಿತು.

ಕೊನೆಗೆ ಒಂದು ರಾತ್ರಿ, ಪಟ್ಟಿಯನ್ನು ಅಚ್ಚಿಗೆ ಕೊಟ್ಟು ಗುಂಡಿಯೊತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಒಂದೊಂದು ದಾಖಲೆಯಾಗಿ ಬಂದು ಬಿದ್ದವು. ಗುರುತುಗಳು ಸರಿಯಾಗಿವೆಯೇ, ಕೋಣೆಗಳು ಕ್ರಮವಾಗಿವೆಯೇ ಎಂದು ಪರೀಕ್ಷಿಸುವ ಇನ್ನೊಂದು ಯಂತ್ರವಿದೆ, ಅದಕ್ಕೆ ಒಪ್ಪಿಸಿದೆ. ಎಲ್ಲವೂ ಸರಿ ಎಂದಿತು. ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಕೆಲಸವನ್ನು ಮೇಲಿನವರು ಒಂದೂ ತಪ್ಪಿಲ್ಲವೆಂದು ಒಪ್ಪಿದ್ದು ಅದೇ ಮೊದಲು. ಮನೆಯವಳನ್ನು ಎಬ್ಬಿಸಿ ತೋರಿಸಿದೆ. “ಆಯಿತು, ಮಲಗಿ” ಎಂದಳು.

ಆಯಾ ಊರಿನ ಕಲ್ಲಿನ ವಿವರವನ್ನು ಆಯಾ ಊರಿನವರಿಗೆ ಕೊಡಬೇಕೆಂಬ ಉತ್ಸಾಹ ಹುಟ್ಟಿತು. ದಾಖಲೆಗಳಿಂದಲೇ ಒಂದೊಂದು ಪುಟದ ಓದುವ ಹಾಳೆಗಳನ್ನು ಅದೇ ಪೈಥಾನಿನಿಂದ ತಯಾರಿಸಿ, ಪರಿಚಯವಿದ್ದ ಕಡೆಗೆಲ್ಲ ಕಳುಹಿಸಿದೆ. ಶ್ರೀನಿವಾಸಪುರದಿಂದ ಒಳಗಿರುವ ಒಂದು ಹಳ್ಳಿಯ ಹುಡುಗರು ಬಹಳ ಸಂತೋಷಪಟ್ಟರು. ಆ ಊರಿನ ಹೆಸರು ಬೇಡ. ಸುತ್ತ ಮಾವಿನ ತೋಪುಗಳು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಊರ ಬಾಗಿಲಲ್ಲಿ ಒಂದು ವೀರಗಲ್ಲು. ತಲೆತಲಾಂತರದಿಂದ ಅದಕ್ಕೆ ಎಣ್ಣೆ ಹಾಕಿ ಕುಂಕುಮ ಇಡುತ್ತಾರೆ. ಹುಡುಗರು ಚಂದಾ ಎತ್ತಿ ಕಲ್ಲಿಗೊಂದು ಕಟ್ಟೆ ಕಟ್ಟಿಸಿ, ಪಕ್ಕದಲ್ಲಿ ಬೋರ್ಡು ನಿಲ್ಲಿಸಿ, ನನ್ನನ್ನು ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಹಾರ ಹಾಕಿದರು. ಬೋರ್ಡಿನ ಮೇಲಿನ ಬಟ್ಟೆಯನ್ನು ನನ್ನ ಕೈಯಿಂದಲೇ ಎಳೆಯಿಸಿದರು. ಹಳದಿಯ ಮೇಲೆ ಕೆಂಪಕ್ಷರ: ‘1100 ವರ್ಷ ಹಳೆಯ ವೀರಗಲ್ಲು.’ ಚಪ್ಪಾಳೆಯಾಯಿತು. ಆಮೇಲೆ ನಾನು ಬಗ್ಗಿ ಕಲ್ಲನ್ನು ನೋಡಿದೆ. ಅದನ್ನು ಕಣ್ಣಾರೆ ನೋಡುತ್ತಿದ್ದದ್ದು ಅದೇ ಮೊದಲ ಸಲ. ನನ್ನ ಪಟ್ಟಿಗೆ ಅದು ಬಂದದ್ದು ಪುಸ್ತಕದಿಂದ. ಕತ್ತಿ ಹಿರಿದು ನಿಂತ ವೀರ, ಅವನ ಹಿಂದೆ ದನಗಳು, ಮೇಲಂಚಿನಲ್ಲಿ ಬರಹ. ಆದರೆ ಎಡಗಡೆಯ ಮೇಲ್ತುದಿ ಒಡೆದುಹೋಗಿತ್ತು. ಉಳಿದ ಅಕ್ಷರಗಳಲ್ಲಿ, ದನಗಳನ್ನು ಮರಳಿಸಿ ಕಾದಿ ಸತ್ತ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಕಾಲವೂ ಹೆಸರೂ ಇರಬೇಕಾದ ಭಾಗವೇ ಇಲ್ಲ. ಪುಸ್ತಕದಲ್ಲಿ ಅಲ್ಲಿ ಚುಕ್ಕಿಗಳಿದ್ದವೆಂದು, ಆ ಎರಡು ಮನೆಗಳನ್ನು ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದೆನೆಂದು ಆಗ ನೆನಪಾಯಿತು. ಹಾಗಾದರೆ ಈ ಸಾವಿರದ ನೂರು ವರ್ಷ ಎಲ್ಲಿಂದ ಬಂತು?

ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಲಿಲ್ಲ. ಕೊರಳಲ್ಲಿ ಹಾರವಿತ್ತು. ಒಬ್ಬ ಅಜ್ಜಿ ಎಲೆಯ ಮೇಲೆ ಒಬ್ಬಟ್ಟನ್ನು ಬಡಿಸಿ, ತಮ್ಮ ವೀರನಿಗೆ ಇಷ್ಟು ವಯಸ್ಸೆಂದು ತಿಳಿದದ್ದು ನನ್ನಿಂದಲೇ ಎಂದು ತೆಲುಗಿನಲ್ಲಿ ಹರಸಿದಳು. ಒಬ್ಬಟ್ಟನ್ನು ತಿಂದು, ಕೊನೆಯ ಬಸ್ಸಿನಲ್ಲಿ ಕೋಲಾರಕ್ಕೆ ಬಂದೆ.

ಆ ರಾತ್ರಿ ಅಚ್ಚನ್ನು ಬಿಚ್ಚಿ ನೋಡಿದೆ. ತಪ್ಪು ಒಂದೇ ಸಾಲಿನಲ್ಲಿತ್ತು. ಪಟ್ಟಿಯಲ್ಲಿ ಕಾಲ ಬರೆದಿದ್ದರೆ ಅದನ್ನು ‘ಕಾಲ’ ಎಂಬ ಡಬ್ಬಿಗೆ ಹಾಕು ಎಂದಿದ್ದೆ. ಆಮೇಲೆ ಡಬ್ಬಿಯಲ್ಲಿರುವುದನ್ನು ದಾಖಲೆಗೆ ಬರೆ ಎಂದಿದ್ದೆ. ಕಾಲ ಬರೆದಿರದಿದ್ದರೆ ಏನು ಮಾಡಬೇಕೆಂದು ಹೇಳಿರಲೇ ಇಲ್ಲ. ಪೈಥಾನು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಬರುವಾಗ ಡಬ್ಬಿಗಳನ್ನು ತೊಳೆದಿಡುವುದಿಲ್ಲ. ನಾವು ಹೇಳಿದರೆ ಉಂಟು, ಇಲ್ಲದಿದ್ದರೆ ಹಿಂದಿನದೇ ಉಳಿದಿರುತ್ತದೆ. ನನ್ನ ಪಟ್ಟಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಕೊನೆಯ ಸಾಲು ಆವಣಿಯದು. ಶ್ರೀನಿವಾಸಪುರದ ಮೊದಲ ಸಾಲು ಈ ವೀರಗಲ್ಲು. ಆವಣಿಯ ಗುರುವಿನ ಕಾಲ ಡಬ್ಬಿಯ ತಳದಲ್ಲಿ ಉಳಿದು, ದನಗಳಿಗಾಗಿ ಸತ್ತ ಹೆಸರಿಲ್ಲದವನ ಪಾಲಿಗೆ ಬಂದಿತ್ತು. ಹೆಸರಿನ ಮನೆಯ ಗತಿ ಬೇರೆ. ಹೆಸರಿಲ್ಲದ ಕಡೆ ಆ ಕೋಣೆಯನ್ನೇ ಕಟ್ಟಬೇಡವೆಂದು ಬರೆದಿದ್ದೆ. ಆದುದರಿಂದ ದಾಖಲೆಯನ್ನು ಓದಿದವರಿಗೆ, ಆ ಕಲ್ಲಿನಲ್ಲಿ ವೀರನ ಹೆಸರನ್ನು ಕೆತ್ತಿರಲೇ ಇಲ್ಲವೆಂದು ತೋರುತ್ತಿತ್ತು. ಒಂದು ಮನೆಯಲ್ಲಿ ಇಲ್ಲದ್ದನ್ನು ತುಂಬಿದೆ. ಇನ್ನೊಂದು ಮನೆಯನ್ನೇ ಕೆಡವಿದೆ.

ಇಷ್ಟಾದರೂ ದಾಖಲೆ ನಿಯಮಕ್ಕೆ ಸರಿಯಾಗಿತ್ತು! ತೆರೆದ ಬಾಗಿಲೆಲ್ಲ ಮುಚ್ಚಿತ್ತು. ಕಾಲದ ಕೋಣೆಯಲ್ಲಿ ಕಾಲವೇ ಇತ್ತು. ಅದು ಇನ್ನೊಂದು ಕಲ್ಲಿನ ಕಾಲವೆಂದು ಪರೀಕ್ಷಿಸುವ ಯಂತ್ರಕ್ಕೆ ಹೇಗೆ ತಿಳಿಯಬೇಕು? ಒಂದು ಕೋನದ ಗೆರೆ ಹೆಚ್ಚಾದರೆ ಎರಡು ದಿನ ಜಗಳವಾಡಿದ ಯಂತ್ರ, ಊರಿಗೆ ಊರೇ ನಂಬುವ ಸುಳ್ಳನ್ನು ಚಕಾರವೆತ್ತದೆ ಒಪ್ಪಿತ್ತು. ಅದರ ಮೇಲೆ ನನಗೆ ಕೋಪವಿಲ್ಲ. ರೂಪವನ್ನು ನೋಡು ಎಂದು ಅದನ್ನು ಇಟ್ಟುಕೊಂಡವರು ನಾವು. ಸತ್ಯವನ್ನು ನೋಡುವ ಕೆಲಸ ನನ್ನದಾಗಿತ್ತು. ಕೈಯಲ್ಲಿ ಬರೆಯುತ್ತಿದ್ದಾಗ ಖಾಲಿ ಮನೆಯ ಮುಂದೆ ಲೇಖನಿ ತಾನಾಗಿ ನಿಲ್ಲುತ್ತಿತ್ತು. ಇಲ್ಲಿ ನಿಲ್ಲುವ ಕೈಯೇ ಇರಲಿಲ್ಲ. ಅಚ್ಚು ಮಾಡುವಾಗಲೇ ಗೆರೆ ಎಳೆದಿರಬೇಕಾಗಿತ್ತು.

ಈ ಗೆರೆಯನ್ನು ಬಲ್ಲವರು ಎಂದೋ ಎಳೆದಿಟ್ಟಿದ್ದಾರೆಂದು ಆಮೇಲೆ ಓದಿ ತಿಳಿದೆ. ಒಡೆದುಹೋದ ಅಕ್ಷರಗಳನ್ನು ಚೌಕಾವರಣದಲ್ಲಿ ತೋರಿಸಬೇಕು, ಸಂದೇಹದ ಅಕ್ಷರದ ಕೆಳಗೆ ಚುಕ್ಕಿ ಇಡಬೇಕು ಎಂದು 1931ರಲ್ಲಿಯೇ ಹಾಲೆಂಡಿನ ಲೈಡನ್ ನಗರದಲ್ಲಿ ವಿದ್ವಾಂಸರು ಕೂಡಿ ಗೊತ್ತುಮಾಡಿದರು. 2000ದ ಆಸುಪಾಸಿನಲ್ಲಿ, ಗ್ರೀಕ್ ಲ್ಯಾಟಿನ್ ಶಾಸನಗಳನ್ನು ಓದುವವರು ಅದನ್ನೇ ಎಕ್ಸ್‌ಎಂಎಲ್ಲಿಗೆ ತಂದು ಎಪಿಡಾಕ್ ಎಂದು ಹೆಸರಿಟ್ಟರು. ತುರ್ಕಿಯ ಆಫ್ರೋಡಿಸಿಯಾಸ್ ಎಂಬ ಹಾಳೂರಿನ ಶಾಸನಗಳು 2007ರಲ್ಲಿ ಪ್ರಕಟವಾದದ್ದು ಈ ಕ್ರಮದಲ್ಲಿಯೇ. ಇದರಲ್ಲಿ ‘ಗ್ಯಾಪ್’ ಎಂದೊಂದು ಗುರುತುಂಟು; ಎಂದರೆ ತೆರವು. ಇಲ್ಲಿ ಅಕ್ಷರಗಳಿದ್ದವು, ಈಗಿಲ್ಲ, ಕಾರಣ ಕಲ್ಲು ಒಡೆದಿದೆ, ಎಷ್ಟು ಹೋಗಿದೆಯೆಂದು ತಿಳಿಯದು, ಇಷ್ಟನ್ನೂ ಆ ಒಂದು ಗುರುತು ಹೇಳುತ್ತದೆ. ಸಂಪಾದಕ ಊಹಿಸಿ ತುಂಬಿದ್ದರೆ ಅದಕ್ಕೆ ಬೇರೆ ಗುರುತು. ಊಹೆ ಗಟ್ಟಿಯೋ ಜೊಳ್ಳೋ ಎಂದು ಹೇಳುವುದಕ್ಕೂ ಜಾಗವಿದೆ. ನಮ್ಮ ಹೆಡ್ ಗುಮಾಸ್ತರ ಕೆಂಪು ಗೆರೆಯೇ! ಕನ್ನಡದ ಗುರುತುಗಳನ್ನು ಬಿಡುವುದಕ್ಕೆ ಮನಸ್ಸು ಹಿಂದೆಗೆಯಿತು. ಆದರೂ ಬೇರೆಯವರ ದಾಖಲೆಗಳ ಜತೆ ನಮ್ಮ ಕಲ್ಲುಗಳೂ ಒಂದೇ ಪಂಕ್ತಿಯಲ್ಲಿ ಕೂರಲೆಂದು, ಅವರ ಗುರುತುಗಳನ್ನೇ ತೆಗೆದುಕೊಂಡೆ.

ಅಚ್ಚನ್ನು ಹೊಸದಾಗಿ ಮಾಡಿದೆ. ಪ್ರತಿ ಸಾಲಿಗೂ ಮೊದಲು ಡಬ್ಬಿಗಳನ್ನು ತೊಳೆಯಬೇಕು. ಮನೆ ಖಾಲಿಯಿದ್ದರೆ ತೆರವಿನ ಗುರುತನ್ನು ಬರೆಯಬೇಕು. ಪಟ್ಟಿಯಲ್ಲಿ ಖಾಲಿಗೆ ಕಾರಣ ಹೇಳಿರದಿದ್ದರೆ, ದಾಖಲೆಯನ್ನೇ ಹುಟ್ಟಿಸದೆ ನಿಂತು ನನ್ನನ್ನು ಕೂಗಬೇಕು. ಮೊದಲ ಸಲ ನಡೆಸಿದಾಗ ಅದು ಮತ್ತೆ ಮತ್ತೆ ಕೂಗಿತು. ಕೂಗಿದಾಗಲೆಲ್ಲ ಪುಸ್ತಕ ತೆಗೆದು ನೋಡಿದೆ. ಕೆಲವಕ್ಕೆ ಬಸ್ಸು ಹಿಡಿದು ಕಲ್ಲಿನ ಬಳಿಗೇ ಹೋದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿದ್ದ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆ ವೀರಗಲ್ಲಿನ ದಾಖಲೆಯ ಕೊನೆಯಲ್ಲಿ, ಹಿಂದೆ ಇದರಲ್ಲಿ ಹತ್ತನೆಯ ಶತಮಾನವೆಂದು ತಪ್ಪಾಗಿ ಬರೆದಿತ್ತು ಎಂದು ಒಂದು ಸಾಲು ಸೇರಿಸಿದೆ. ತಪ್ಪನ್ನು ಒರೆಸಿಬಿಟ್ಟರೆ, ಹಳೆಯ ಹಾಳೆಯನ್ನು ಕೈಯಲ್ಲಿ ಹಿಡಿದವನು ಯಾವುದನ್ನು ನಂಬಬೇಕು? ಫ ಎಂಬ ಹೆಸರನ್ನು ಹೊತ್ತುಕೊಂಡೇ ಇರುವ ೞಕಾರದ ನ್ಯಾಯ ಇದೇ.

ಇದಕ್ಕೆಲ್ಲ ಮುಂಚೆಯೇ, ಆ ಒಬ್ಬಟ್ಟು ತಿಂದ ಮುಂದಿನ ಭಾನುವಾರ, ಮತ್ತೆ ಆ ಹಳ್ಳಿಗೆ ಹೋಗಿದ್ದೆ. ಚೀಲದಲ್ಲಿ ಒಂದು ಡಬ್ಬಿ ಬಣ್ಣ, ಒಂದು ಕುಂಚ. ಹುಡುಗರನ್ನು ಕಟ್ಟೆಯ ಮೇಲೆ ಕೂರಿಸಿ ಇದ್ದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬನು, “ಹಾಗಾದರೆ ನಮ್ಮ ಕಲ್ಲು ಎಷ್ಟು ಹಳೆಯದು ಸಾರ್?” ಎಂದ.

“ನನಗೆ ಗೊತ್ತಿಲ್ಲ.”

“ಅಷ್ಟು ಹಳೆಯದು ಅಲ್ಲವೇ ಅಲ್ಲ ಅಂತಲೇ?”

“ಅದೂ ಗೊತ್ತಿಲ್ಲ. ಅಕ್ಷರದ ಆಕಾರ ನೋಡಿ ಕಾಲ ಊಹಿಸಬಲ್ಲ ವಿದ್ವಾಂಸರಿದ್ದಾರೆ. ಅವರು ಬಂದು ನೋಡಿ, ಸಾವಿರದ ನೂರು ವರ್ಷವೇ ಎಂದರೂ ಎನ್ನಬಹುದು.”

“ಹಾಗಾದರೆ ಬೋರ್ಡು ಇರಲಿ ಬಿಡಿ ಸಾರ್!”

ಈ ಮಾತಿಗೆ ಉತ್ತರ ಹೇಳುವುದು ಕಷ್ಟವಾಯಿತು. ನಾಳೆ ವಿದ್ವಾಂಸರು ಹಾಗೆಯೇ ಹೇಳಿದರೂ, ನಾನು ಹೇಳಿದ್ದು ನಿಜವಾಗುವುದಿಲ್ಲ. ಅವರು ಕಲ್ಲನ್ನು ನೋಡಿ ಹೇಳುತ್ತಾರೆ. ನಾನು ಕಲ್ಲನ್ನು ನೋಡದೆ ಪಕ್ಕದ ತಾಲ್ಲೂಕಿನದನ್ನು ತಂದು ಅಂಟಿಸಿದ್ದೆ. ಇದನ್ನು ಹೇಗೆ ತಿಳಿಸಲಿ ಎಂದು ತಡವರಿಸುತ್ತಿದ್ದಾಗ ಅಂದಿನ ಅಜ್ಜಿ ಅಲ್ಲಿಗೆ ಬಂದಳು. ಹುಡುಗರು ಅವಳಿಗೆ ತೆಲುಗಿನಲ್ಲಿ ವಿವರಿಸಿದರು. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕಲ್ಲಿನ ಒಡೆದ ತುದಿಯ ಮೇಲೆ ಕೈಯಿಟ್ಟು, ತಾನು ಮದುವೆಯಾಗಿ ಈ ಊರಿಗೆ ಬಂದಾಗಲೂ ಇದು ಹೀಗೆಯೇ ಇತ್ತು, ತನ್ನ ಅತ್ತೆಯೂ ಈ ತುದಿಗೇ ಮೊದಲು ಎಣ್ಣೆ ಸವರುತ್ತಿದ್ದಳು, ಪೆಟ್ಟಾದ ಜಾಗವಲ್ಲವೇ, ಎಂದಳು. ಅದಕ್ಕೆ ಬೇರೆಯವರ ವಯಸ್ಸು ಯಾಕೆ ಎಂದೂ ಕೇಳಿದಳು.

ಹುಡುಗರೇ ಕುಂಚ ಹಿಡಿದರು. ಏನು ಬರೆಯಬೇಕೆಂದು ಸ್ವಲ್ಪ ಚರ್ಚೆಯಾಯಿತು. ಕೊನೆಗೆ ನಿಂತದ್ದು ಇಷ್ಟು: ‘ದನಗಳನ್ನು ಬಿಡಿಸಿ ಸತ್ತ ವೀರನ ಕಲ್ಲು. ಹೆಸರು ಮತ್ತು ಕಾಲ ಬರೆದಿದ್ದ ಭಾಗ ಒಡೆದಿದೆ.’ ಮೊದಲಿನಷ್ಟು ಜೋರಾದ ಬೋರ್ಡಲ್ಲ. ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುವುದೂ ಕಡಿಮೆಯಾಗಿರಬಹುದು. ಆದರೆ ಬಣ್ಣ ಬಳಿಯುತ್ತಿದ್ದ ಹುಡುಗನೊಬ್ಬ ಕಟ್ಟೆಯ ಹಿಂದೆ, ಕಲ್ಲು ರಾಶಿ ಹಾಕಿದ್ದ ಕಡೆ ಕಣ್ಣಾಡಿಸುತ್ತ, “ಆ ತುಂಡು ಎಲ್ಲಿ ಬಿದ್ದಿರಬಹುದು ಸಾರ್?” ಎಂದು ಕೇಳಿದ. ಹಳೆಯ ಬೋರ್ಡಿದ್ದಿದ್ದರೆ ಆ ಪ್ರಶ್ನೆ ಯಾರಿಗೂ ಹುಟ್ಟುತ್ತಿರಲಿಲ್ಲ.

ತುಂಡು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದಾರೆ. ಆವರೆಗೆ ನನ್ನ ದಾಖಲೆಯಲ್ಲಿ ಆ ಎರಡು ಮನೆಗಳಿಗೂ ಗೆರೆ ಎಳೆದಿಟ್ಟಿದ್ದೇನೆ.